ಕೆಂಪು ಚೀಟಿಗೊಂದು ಹೆಸರು

ತಿಪ್ಪವ್ವ ತೂತು ಕೊರೆದ ಡಬ್ಬಿಯೊಳಗೆ ಇರುವೆ ನುಗ್ಗುವುದಿಲ್ಲ ಎಂಬುದು ಪುಣೆಯ ಭೋಸರಿಯ ಆ ಶೆಡ್ಡಿನಲ್ಲಿ ಎಲ್ಲರೂ ಒಪ್ಪಿದ ಮಾತು. ಒಪ್ಪದೆ ಏನು ಮಾಡಿಯಾರು, ಹನ್ನೊಂದು ವರ್ಷದಿಂದ ಶೆಡ್ಡು ನಡೆದಿರುವುದೇ ಆ ತೂತುಗಳಿಂದ. ಆದರೆ ಅಷ್ಟೂ ವರ್ಷ ಹಾಜರಿ ಪುಸ್ತಕವೊಂದನ್ನು ಬಿಟ್ಟರೆ ಬೇರೆ ಯಾವ ಕಾಗದದ ಮೇಲೂ ಅವಳ ಹೆಸರು ಬಂದಿರಲಿಲ್ಲ. ಹಾಜರಿಯಲ್ಲೂ ಹೆಸರಿನ ಮುಂದೆ ‘ಹೆಲ್ಪರ್’ ಎಂದಿತ್ತು. ಹೆಲ್ಪರ್ ಅಂದರೆ ಕಸ ಹೊಡೆಯುವವಳು, ಚಹಾ ತರುವವಳು, ಡಬ್ಬಿ ಎತ್ತಿಡುವವಳು. ಅವಳು ಅದನ್ನೂ ಮಾಡುತ್ತಿದ್ದಳು ಅನ್ನಿ.

ಶೆಡ್ಡು ಮಧುಕರ ದೇಸಾಯಿಯವರದು. ಬೆಳಗಾವಿ ಕಡೆಯ ಮನೆತನ, ಹುಟ್ಟಿ ಬೆಳೆದದ್ದೆಲ್ಲ ಪುಣೆಯಲ್ಲಿ. ಹೊರಗೆ ಮರಾಠಿ, ಮನೆಯಲ್ಲಿ ತಾಯಿಯ ಜೊತೆ ಕನ್ನಡ, ಶೆಡ್ಡಿನಲ್ಲಿ ತಿಪ್ಪವ್ವಳ ಜೊತೆ ಕನ್ನಡ. ಒಳ್ಳೆಯ ಮನುಷ್ಯ, ಒಳ್ಳೆಯವರಿಗೆ ಇರುವ ಮರೆವೂ ಅವರಿಗೆ ಇತ್ತು. ಅವರು ಮಾಡುತ್ತಿದ್ದುದು ಹೊಲದ ಮೋಟರು ನಡೆಸುವ ಡಬ್ಬಿ. ರೈತ ಮನೆಯಲ್ಲಿ ಕೂತು ಮೊಬೈಲಿನಿಂದ ಕರೆ ಮಾಡಿದರೆ ಹೊಲದಲ್ಲಿ ಪಂಪು ಚಾಲೂ ಆಗುತ್ತದೆ. ಖಾಲಿ ಪ್ಲಾಸ್ಟಿಕ್ ಡಬ್ಬಿಗಳನ್ನು ಹೊರಗಿನಿಂದ ತರಿಸಿ, ಅಂಕಿ ಕಾಣುವ ಕಿಟಕಿಗೆ, ದೀಪಕ್ಕೆ, ಗುಂಡಿಗೆ, ವೈರಿಗೆ ಅಂತ ತೂತು ಮಾಡಿ, ಒಳಗೆ ಸಾಮಾನು ಕೂರಿಸಿ ಇಂದಾಪುರಕ್ಕೆ ಕಳಿಸುತ್ತಿದ್ದರು. ತೂತು ಸರಿಯಾಗದಿದ್ದರೆ ಅಂಚಿನಲ್ಲಿ ಸಂದಿ ಉಳಿಯುತ್ತದೆ. ಸಂದಿಯಲ್ಲಿ ಇರುವೆ ಹೊಗುತ್ತದೆ, ಇರುವೆಯ ಹಿಂದೆ ಹಲ್ಲಿ ಹೊಗುತ್ತದೆ, ಹಲ್ಲಿ ಎರಡು ತಂತಿಗೆ ಅಡ್ಡ ಮಲಗಿ ತಾನೂ ಸಾಯುತ್ತದೆ, ಮೋಟರನ್ನೂ ಸಾಯಿಸುತ್ತದೆ. ಕಬ್ಬಿಗೆ ನೀರು ತಪ್ಪಿದ ರೈತ ಹಲ್ಲಿಯನ್ನು ಬೈಯುವುದಿಲ್ಲ, ಡಬ್ಬಿ ಮಾರಿದವನನ್ನು ಬೈಯುತ್ತಾನೆ.

ತಿಪ್ಪವ್ವ ಶಹಾಪುರದ ಕಡೆಯವಳು. ಹದಿನೇಳಕ್ಕೆ ಕಾಶಪ್ಪನ ಕೈ ಹಿಡಿದು ಪುಣೆಗೆ ಬಂದು, ವಾಕಡದಲ್ಲಿ ಏಳುತ್ತಿದ್ದ ಕಟ್ಟಡಗಳಿಗೆ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಉಸುಕು, ಇಟ್ಟಂಗಿ ಹೊತ್ತಳು. ಇವತ್ತು ಅಲ್ಲಿ ಹನ್ನೆರಡನೇ ಮಹಡಿಯಲ್ಲಿ ಗಾಳಿಗೆ ನಿಲ್ಲುವವರಿಗೆ ತಮ್ಮ ಮನೆಗೆ ಮೊದಲು ಕಾಲಿಟ್ಟವಳು ಇವಳೆಂದು ಗೊತ್ತಿಲ್ಲ, ಗೊತ್ತಾಗುವ ಕಾರಣವೂ ಇಲ್ಲ. ಮೊಣಕಾಲು ಕೈಕೊಟ್ಟ ಮೇಲೆ ಕಾಶಪ್ಪನ ತಮ್ಮನ ಮಗ ದತ್ತು ಅವಳನ್ನು ಈ ಶೆಡ್ಡಿಗೆ ಕರೆತಂದ. ದತ್ತು ಪುಣೆಯಲ್ಲೇ ಹುಟ್ಟಿ ಐಟಿಐ ಮುಗಿಸಿದವನು, ಇಲ್ಲಿ ಡಬ್ಬಿಗಳಿಗೆ ವೈರಿಂಗ್ ಮಾಡುತ್ತಿದ್ದ. ಕುಳಿತು ಮಾಡುವ ಕೆಲಸವಿದೆ ಎಂದು ದೊಡ್ಡವ್ವನಿಗೆ ಹೇಳಿದ್ದ. ಬಂದು ನೋಡಿದರೆ ಕೈಗೆ ಸಿಕ್ಕಿದ್ದು ಕಸಬರಿಗೆ. ಕಸಬರಿಗೆ ಹಿಡಿದು ಯಾರು ಕುಳಿತಾರು?

ಆ ಕಾಲದಲ್ಲಿ ಡ್ರಿಲ್ ಮಷಿನ್ನಿನಿಂದ ತೂತು ಹಾಕುತ್ತಿದ್ದರು. ಕಬ್ಬಿಣಕ್ಕೆ ಅದು ಸರಿ. ತೆಳು ಪ್ಲಾಸ್ಟಿಕ್ಕು ಅದರ ಕೆಳಗೆ ಗಡಗಡ ನಡುಗಿ, ಅಂಚು ಚಕ್ಕೆ ಎದ್ದು, ಹತ್ತರಲ್ಲಿ ಎರಡು ಸೀಳಿಯೇ ಹೋಗುತ್ತಿದ್ದವು. ತಿಪ್ಪವ್ವ ಆ ಬಿಳಿ ಚೂರು ಗುಡಿಸುತ್ತಾ ಆರು ತಿಂಗಳು ನೋಡಿದಳು. ನೋಡುತ್ತಿದ್ದ ಹಾಗೆ ಅವಳಿಗೆ ಅಪ್ಪನ ನೆನಪಾಗುತ್ತಿತ್ತು.

ಅಪ್ಪ ಚಂದ್ರಪ್ಪ ಬಡಿಗೇರ ಕೂರಿಗೆ ಮಾಡುವುದರಲ್ಲಿ ಸುತ್ತ ಹತ್ತು ಹಳ್ಳಿಗೆ ಹೆಸರಾದವನು. ಕೂರಿಗೆಯ ಮೇಲೊಂದು ಮರದ ಬಟ್ಟಲು, ಬಟ್ಟಲಿನ ತಳದಲ್ಲಿ ಮೂರು ತೂತು, ಒಂದೊಂದು ತೂತಿಗೂ ನೆಲದ ತನಕ ಬಿದಿರಿನ ಕೊಳವೆ. ಬಿತ್ತುವವರು ಬಟ್ಟಲಿಗೆ ಕಾಳು ಬಿಡುತ್ತಾ ನಡೆದರೆ ಮೂರು ಸಾಲಿಗೂ ಸಮನಾಗಿ ಬೀಳಬೇಕು. ಒಂದು ತೂತು ಕೂದಲೆಳೆಯಷ್ಟು ದೊಡ್ಡದಾದರೂ ಒಂದು ಸಾಲು ದಟ್ಟ, ಪಕ್ಕದ ಸಾಲು ಬೋಳು. ಬಡಿಗನ ತಪ್ಪು ಹೊಲದಲ್ಲಿ ಎದ್ದು ನಿಂತಿರುತ್ತದೆ, ಸುಗ್ಗಿಯ ತನಕ ಊರೆಲ್ಲ ನೋಡುತ್ತದೆ. ಆ ತೂತುಗಳಿಗೆ ಅವನು ಕಣ್ಣು ಅನ್ನುತ್ತಿದ್ದ. ಉಳಿಯಿಂದಲ್ಲ, ಕಾಯಿಸಿದ ಸಲಾಕೆಯಿಂದ ಸುಟ್ಟು ಕೊರೆಯುತ್ತಿದ್ದ. ಸಲಾಕೆ ಕಾಯಿಸಿ ಕೊಡುವುದು ಮಗಳ ಪಾಲಿನ ಕೆಲಸ. ಕಾವು ಸರಿಯಿದೆಯೇ ಎಂದು ಒದ್ದೆ ಬಟ್ಟೆಗೆ ತಾಗಿಸಿ ಸದ್ದು ಕೇಳಬೇಕು. ಕಣ್ಣನ್ನು ಬಟ್ಟಲಿನ ಒಳಗಿನಿಂದ ಹೊರಕ್ಕೇ ಕೊರೆಯಬೇಕು, ಸೀಳಿದರೂ ಹೊರಗೆ ಸೀಳಲಿ, ಕಾಳು ಇಳಿಯುವ ಬಾಯಿ ನುಣ್ಣಗಿರಲಿ ಎಂದು. ಕೈಗೆ ಅನುಮಾನ ಬಂದರೆ ಸಲಾಕೆ ಎತ್ತಿಬಿಡಬೇಕು, ಮರ ಕಾಯುತ್ತದೆ, ಎಲ್ಲಿಗೂ ಓಡಿಹೋಗುವುದಿಲ್ಲ.

ಅಂಥವನ ಕೈಯೂ ಒಮ್ಮೆ ತಪ್ಪಿತ್ತು. ಎರಡು ಕಣ್ಣು ಓರೆಯಾದ ಆ ಬಟ್ಟಲನ್ನು ಅವನು ಒಲೆಗೆ ಹಾಕಲಿಲ್ಲ. ಕೆಲಸದ ಚಪ್ಪರದ ಮುಂದಿನ ಬೇವಿನ ಮರಕ್ಕೆ, ಬಂದವರಿಗೆಲ್ಲ ಕಾಣುವ ಹಾಗೆ ತೂಗುಹಾಕಿದ. ಇದು ಯಾರು ಕೆಡಿಸಿದ್ದು ಎಂದು ಯಾರಾದರೂ ಕೇಳಿದರೆ ಬಾಯಿಂದ ಎಲೆಯಡಿಕೆ ತೆಗೆಯದೆಯೇ ‘ನಂದು’ ಅನ್ನುತ್ತಿದ್ದ. ಒಳ್ಳೆಯ ಬಟ್ಟಲು ಮಾಡಿದವನು ಯಾರೆಂದು ಊರು ತಾನೇ ಹೇಳುತ್ತದೆ, ಕೆಟ್ಟದ್ದನ್ನು ಮಾತ್ರ ಮಾಡಿದವನೇ ಹೇಳಬೇಕು ಎಂಬುದು ಅವನ ಲೆಕ್ಕ. ಆ ಬಟ್ಟಲಿನಲ್ಲಿ ಗುಬ್ಬಿ ಗೂಡು ಕಟ್ಟಿದ್ದು ತಿಪ್ಪವ್ವಳಿಗೆ ಇನ್ನೂ ನೆನಪಿದೆ.

ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಅವಳು ದತ್ತು ತಂತಿ ಬೆಸೆಯುವ ಸೋಲ್ಡರಿಂಗ್ ಕಡ್ಡಿಯ ತುದಿಗೆ ಒಂದು ತುಂಡು ಹಿತ್ತಾಳೆ ಕೊಳವೆ ಸಿಕ್ಕಿಸಿ, ಕಾಯಿಸಿ, ಒದ್ದೆ ಚಿಂದಿಗೆ ತಾಗಿಸಿ ಸದ್ದು ಕೇಳಿ, ಸೀಳಿಹೋದ ಮುಚ್ಚಳವೊಂದನ್ನು ಹಸಿ ಹಲಗೆಯ ಮೇಲೆ ಬೋರಲು ಹಾಕಿ ಒಳಗಿನಿಂದ ಒತ್ತಿದಳು. ಕೊಳವೆ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು. ತಿರುವಿ ನೋಡಿದರೆ ಹೊರಮೈ ನುಣ್ಣಗಿತ್ತು, ಎದ್ದ ಅಂಚೆಲ್ಲ ಒಳಗೇ ಉಳಿದಿತ್ತು, ಬ್ಲೇಡಿನಿಂದ ಕೆರೆದರೆ ಅದೂ ಹೋಯಿತು. ಮಧುಕರ ಆ ತೂತಿನಲ್ಲಿ ಬೆರಳಾಡಿಸಿ ನೋಡಿದರು. ಮರುವಾರ ಕಿಟಕಿಯ ಹತ್ತಿರ ಒಂದು ಮೇಜು ಬಂತು, ಹೊಗೆ ಹೊರಗೆ ಎಳೆಯುವ ಫ್ಯಾನು ಬಂತು, ಅಳತೆಗೆ ತಕ್ಕ ಹಿತ್ತಾಳೆ ಕೊಳವೆಗಳು ಸಾಲಾಗಿ ಬಂದವು. ಡ್ರಿಲ್ ಮಷಿನ್ನು ಮೂಲೆ ಸೇರಿತು. ತೂತಿಗೆ ತಿಪ್ಪವ್ವ ಕಣ್ಣು ಅಂದಳು, ಶೆಡ್ಡಿನ ಮರಾಠಿ ಹುಡುಗರೂ ತಮ್ಮ ಮಾತಿನಲ್ಲಿ ಡೋಳಾ ಅನ್ನಲು ಕಲಿತರು. ಬದಲಾಗದೆ ಉಳಿದದ್ದು ಹಾಜರಿಯ ಪುಸ್ತಕ ಮಾತ್ರ. ಮಧುಕರರಿಗೆ ಅದು ಹೊಳೆಯಲೇ ಇಲ್ಲ, ಅವಳಿಗೆ ಕೇಳಲು ಬಾಯಿ ಬರಲಿಲ್ಲ.

ಆ ಮೇಜಿನ ಮುಂದೆ ಅವಳು ಬೇರೆಯೇ ಹೆಂಗಸು. ಮೂಗಿಗೆ ಒದ್ದೆ ಬಟ್ಟೆ ಕಟ್ಟಿ ಕೂತರೆ ಯಾರ ಮಾತಿಗೂ ಕಿವಿಗೊಡುವುದಿಲ್ಲ. ಕಾವು ಹೆಚ್ಚಾದರೆ ಪ್ಲಾಸ್ಟಿಕ್ಕು ಕರಗಿ ನೂಲು ಬರುತ್ತದೆ, ಕಪ್ಪಾಗುತ್ತದೆ, ಕಡಿಮೆಯಾದರೆ ಅಂಚು ಎಳೆದುಕೊಂಡು ಮೊಟ್ಟೆಯಾಕಾರ ಆಗುತ್ತದೆ. ಎರಡರ ನಡುವೆ ಇರುವ ಕಾವು ಚಿಂದಿಗೆ ತಾಗಿದಾಗ ಒಂದೇ ಸಲ, ಚಿಕ್ಕದಾಗಿ ‘ಚುಂಯ್’ ಎನ್ನುತ್ತದೆ. ಅದನ್ನು ಅವಳು ಇತರರಿಗೆ ಕಲಿಸಲು ನೋಡಿದಳು. ಯಾರಿಗೂ ಆ ಸದ್ದಿನ ವ್ಯತ್ಯಾಸ ಕೇಳಿಸಲಿಲ್ಲ. ಅವಳಿಗೆ ಒಳಗೊಳಗೇ ಖುಷಿಯಾಯಿತು, ಇಲ್ಲವೆಂದರೆ ಸುಳ್ಳಾಗುತ್ತದೆ.

ಮೂರು ವರ್ಷದ ಹಿಂದೆ ಇಂದಾಪುರದ ಮನೋಹರ ಒಂದು ಹೊಸ ಕಟ್ಟಳೆ ತಂದರು. ಈ ಡಬ್ಬಿಗಳನ್ನು ಕೊಂಡು ಮಾರುವವರು ಅವರೇ. ಇನ್ನು ಮೇಲೆ ಪ್ರತಿ ಡಬ್ಬಿಗೂ ಹಸಿರು ಚೀಟಿ ಕಟ್ಟಿರಬೇಕು, ಅದರ ಮೇಲೆ ಡಬ್ಬಿ ಕೊರೆದ ಆಪರೇಟರನ ಹೆಸರಿರಬೇಕು, ಆಪರೇಟರನಿಗೆ ಐಟಿಐ ಸರ್ಟಿಫಿಕೇಟು ಇರಬೇಕು. ಮಾಲು ಕೆಟ್ಟರೆ ಕೆಂಪು ಚೀಟಿ, ಅದರ ಮೇಲೆ ಕೆಡಿಸಿದವರ ಹೆಸರು, ಅದನ್ನು ಅವರು ಬಂದಾಗ ತೋರಿಸಬೇಕು. ತಿಪ್ಪವ್ವಳಿಗೆ ಸರ್ಟಿಫಿಕೇಟು ಎಲ್ಲಿಂದ ಬರಬೇಕು, ಅಕ್ಷರವೇ ಬಾರದು. ಹಾಗಾಗಿ ಹಸಿರು ಚೀಟಿಯಲ್ಲಿ ದತ್ತುವಿನ ಹೆಸರು ಬಂತು. ಅವಳು ಕೊರೆಯುವಳು, ಇವನು ಸಹಿ ಹಾಕುವನು. ಗೆದ್ದೆತ್ತಿನ ಬಾಲ ಹಿಡಿಯುವುದು ಕಷ್ಟದ ಕೆಲಸವಲ್ಲ, ದತ್ತುವಿಗೆ ಬೇಗ ರೂಢಿಯಾಯಿತು. ಅವಳು ಒಮ್ಮೆ ಚೀಟಿಯಲ್ಲಿ ಏನು ಬರೆದಿದೆ ಎಂದು ಕೇಳಿದಾಗ ಅವನು ಸುಮ್ಮನೆ ಕಾಗದಪತ್ರದ ಕಾಟಾಚಾರ ಎಂದಿದ್ದ.

ಇನ್ನು ತಪ್ಪಿನ ಸಂಗತಿಗೆ ಬರೋಣ.

ಕೊರೆಯುವ ಮೊದಲು ತಿಪ್ಪವ್ವ ನಕ್ಷೆಯ ಕಾಗದವನ್ನು ಮುಚ್ಚಳದ ಒಳಮೈಗೆ ಅಂಟಿಸಿಕೊಳ್ಳುತ್ತಾಳೆ. ಒಳಗಿನಿಂದ ಕೊರೆದಾಗ ಕಾಗದದ ಎಡಗಡೆಯ ಕಣ್ಣು ಹೊರಗೆ ಬಲಗಡೆಗೆ ಬರುತ್ತದೆ. ಇದು ಮಧುಕರರಿಗೆ ಗೊತ್ತಿತ್ತು. ಅದಕ್ಕೇ ಅವರು ನಕ್ಷೆಯನ್ನು ಮೊದಲೇ ತಿರುವಿ, ಕನ್ನಡಿಯಲ್ಲಿ ಕಂಡ ಹಾಗೆ ಪ್ರಿಂಟ್ ತೆಗೆದು ಕೊಡುತ್ತಿದ್ದರು. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ, ಎಲ್ಲೂ ಬರೆದಿಟ್ಟಿರಲಿಲ್ಲ. ನಕ್ಷೆ ಬರೆಯುವವರು ಅವರೊಬ್ಬರೇ, ಕೊರೆಯುವವಳು ಇವಳೊಬ್ಬಳೇ, ನಡುವೆ ಹೇಳುವುದೇನಿತ್ತು. ಕಾಗದದ ಮೇಲಿನ ಇಂಗ್ಲಿಷು ಅಕ್ಷರಗಳೂ ತಿರುಗಿಯೇ ಬರುತ್ತಿದ್ದವು. ಹನ್ನೊಂದು ವರ್ಷ ಅವನ್ನೇ ನೋಡಿದ ತಿಪ್ಪವ್ವ ಇಂಗ್ಲಿಷು ಇರುವುದೇ ಹಾಗೆ ಎಂದುಕೊಂಡಿದ್ದಳು.

ಐದು ತಿಂಗಳ ಹಿಂದೆ ನಕ್ಷೆಯ ಕೆಲಸಕ್ಕೆ ಹರ್ಷದಾ ಎಂಬ ಹುಡುಗಿ ಬಂದಳು. ಓದು ಮುಗಿಸಿ ಇದೇ ಮೊದಲ ಕೆಲಸ, ಆರು ತಿಂಗಳು ಪರೀಕ್ಷೆಯ ಅವಧಿ. ತಿಪ್ಪವ್ವಳನ್ನು ಚಿಕ್ಕಮ್ಮನೆಂಬಂತೆ ಮಾವಶಿ ಎಂದು ಕರೆಯುತ್ತಿದ್ದಳು, ತನ್ನ ಊಟದ ಡಬ್ಬಿಯ ಚಪಾತಿಯಲ್ಲಿ ಒಂದನ್ನು ಅವಳ ಕಡೆ ಸರಿಸುತ್ತಿದ್ದಳು. ಮೊದಲು ವೈರಿಂಗಿನ ನಕ್ಷೆ ಮಾತ್ರ ಬರೆದಳು. ಮುಚ್ಚಳದ ಮೊದಲ ನಕ್ಷೆ ಬಂದದ್ದು ಈ ಸಲ, ನಲವತ್ತು ಡಬ್ಬಿಯ ಹೊಸ ಮಾದರಿಗೆ. ಕಾಲೇಜಿನಲ್ಲಿ ಕಲಿಸಿದ ಹಾಗೆ ಅವಳು ನೇರವಾಗಿಯೇ ಬರೆದು ನೇರವಾಗಿಯೇ ಪ್ರಿಂಟ್ ತೆಗೆದು ಕೊಟ್ಟಳು.

ಮಂಗಳವಾರ ತಿಪ್ಪವ್ವ ಕೊರೆಯಲು ಕೂತಳು. ಮೂರನೆಯ ಮುಚ್ಚಳಕ್ಕೆ ಕಾಗದ ಅಂಟಿಸುವಾಗ ಕೈ ನಿಂತಿತು. ಅಕ್ಷರಗಳು ಬೇರೆ ಥರ ಕಂಡವು. ಕೆಲವಂತೂ ದಿನಾ ಬರುವ ಪರಿಚಯದವರು ಇವತ್ತು ಬೆನ್ನು ತಿರುಗಿಸಿ ನಿಂತ ಹಾಗೆ ಇದ್ದವು. ಎದ್ದು ಹೋಗಿ ಕೇಳಲೇ ಎಂದುಕೊಂಡಳು. ಹರ್ಷದಾ ಫೋನಿನಲ್ಲಿ ಯಾರ ಜೊತೆಗೋ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಳು. ಕೇಳುವುದಾದರೂ ಏನೆಂದು? ಅಕ್ಷರ ಯಾಕೆ ಹೀಗಿವೆ ಎಂದರೆ ಅಕ್ಷರ ಬರುವುದಿಲ್ಲವೆಂದು ತಾನೇ ಡಂಗುರ ಹೊಡೆದ ಹಾಗೆ. ಹೊಸ ಹುಡುಗಿಯ ಕೈಬರಹ ಇರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಹಿತ್ತಾಳೆಯನ್ನು ಚಿಂದಿಗೆ ತಾಗಿಸಿದಳು. ಕಾವು ಸರಿಯಿತ್ತು. ಒತ್ತಿದಳು. ಬುಧವಾರ ಸಂಜೆಗೆ ನಲವತ್ತೂ ಮುಗಿದವು. ಒಂದೊಂದು ಕಣ್ಣೂ ನೋಡಿದರೆ ದೃಷ್ಟಿಯಾಗುವಂತಿತ್ತು.

ಗುರುವಾರ ಆ ಭಾಗದ ಕಾರ್ಖಾನೆಗಳಿಗೆಲ್ಲ ವಾರದ ರಜೆ. ಶುಕ್ರವಾರ ಬೆಳಿಗ್ಗೆ ದತ್ತು ಮೊದಲ ಮುಚ್ಚಳ ತೆಗೆದುಕೊಂಡು ಒಳಗಿನ ಸಾಮಾನು ಕೂರಿಸಲು ಹೋದ. ಅಂಕಿ ತೋರಿಸುವ ಪಟ್ಟಿ ಬಲಗಡೆ, ಅದಕ್ಕೆ ಕೊರೆದ ಕಿಟಕಿ ಎಡಗಡೆ. ತಿರುಗಿಸಿದರೆ ದೀಪಗಳು ಕೆಳಗೆ ಹೋಗುತ್ತವೆ. ಇನ್ನೊಂದು ತೆಗೆದ, ಮತ್ತೊಂದು ತೆಗೆದ. ನಲವತ್ತೂ ಹಾಗೇ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಹಾಗಾಯಿತು. ಸೋಮವಾರ ಮನೋಹರ ಮಾಲು ಒಯ್ಯಲು ಬರುವವರಿದ್ದರು.

ಮಧುಕರ ಬಂದು ನೋಡಿದರು. ದತ್ತು ಎಲ್ಲರಿಗಿಂತ ಮೊದಲು ಬಾಯಿಬಿಟ್ಟು ಮುಚ್ಚಳ ತಾನು ಕೊರೆದದ್ದಲ್ಲ ಎಂದ. ಹಸಿರು ಚೀಟಿಗೆ ಮೂರು ವರ್ಷ ಸಹಿ ಹಾಕಿದ ಕೈ ಕೆಂಪು ಚೀಟಿಯ ಮಾತು ಬಂದೊಡನೆ ಜೇಬು ಸೇರಿತ್ತು. ಮಧುಕರ ಹರ್ಷದಾಳ ಕಡೆ ತಿರುಗಿ ನಕ್ಷೆಯನ್ನು ಯಾಕೆ ತಿರುವಲಿಲ್ಲ ಎಂದು ಮರಾಠಿಯಲ್ಲಿ ಗದರಿದರು. ತಿರುವಬೇಕೆಂದು ಯಾರೂ ಹೇಳಲಿಲ್ಲ ಎಂದು ಆ ಹುಡುಗಿ ಅಳುತ್ತಾ ಹೇಳಿದಳು. ಹೇಳಬೇಕಾಗಿದ್ದವರು ತಾವೇ ಎಂಬುದು ಮಧುಕರರಿಗೆ ಆ ಕ್ಷಣದಲ್ಲಿ ಹೊಳೆದಿರಲೂಬಹುದು. ಹೊಳೆದರೂ ಅವರು ಕೆಂಪು ಚೀಟಿ ತರಿಸಿ, ಕಾರಣ ನಕ್ಷೆ ಎಂದೂ ಹೆಸರು ಹರ್ಷದಾ ಎಂದೂ ಬರೆಯಲು ಪೆನ್ನು ತೆಗೆದರು. ಪರೀಕ್ಷೆಯ ಅವಧಿಯಲ್ಲಿ ಕೆಂಪು ಚೀಟಿ ಬಿದ್ದರೆ ಮುಂದಿನ ತಿಂಗಳು ಅವಳು ಬರಬೇಕಾಗಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದೆಂದರೆ ಇದೇ.

ತಿಪ್ಪವ್ವ ತನ್ನ ಮೇಜಿನಿಂದ ಎದ್ದು ಬಂದಳು.

“ಸಾಹೇಬ್ರ, ಆ ಚೀಟಿಗಿ ನನ್ನ ಹೆಸರು ಬರೀರಿ.”

ಮಧುಕರ ಮೆತ್ತಗೆ ನಕ್ಕರು. “ನಿಂದೇನ ತಪ್ಪಿಲ್ಲ ತಿಪ್ಪವ್ವ. ನೀ ಹೆಲ್ಪರ್ ಇದ್ದಿ. ಕೊಟ್ಟ ಕಾಗದಾ ನೋಡಿ ಕೊರದಿ, ಅಷ್ಟs.”

ಸಮಾಧಾನಕ್ಕೆಂದೇ ಆಡಿದ ಮಾತು ಅದು. ತಿಪ್ಪವ್ವಳಿಗೆ ಅದರಿಂದ ಬಂದದ್ದು ಸಿಟ್ಟು. ಹನ್ನೊಂದು ವರ್ಷದ ಚಲೋ ಕಣ್ಣು ಅವಳವಲ್ಲ, ಈಗ ನಲವತ್ತು ಕೆಟ್ಟ ಕಣ್ಣೂ ಅವಳವಲ್ಲ. ಹಾಗಾದರೆ ಆ ಮೇಜಿನ ಮುಂದೆ ಇಷ್ಟು ದಿನ ಕೂತಿದ್ದವರು ಯಾರು? ಅಪ್ಪನಾಗಿದ್ದರೆ ಬಟ್ಟಲನ್ನು ಎಂದೋ ಮರಕ್ಕೆ ತೂಗಿರುತ್ತಿದ್ದ.

“ಮೂರನೇ ಮುಚ್ಚಳಕ್ಕs ಕೈಗಿ ಅನುಮಾನ ಬಂದಿತ್ರಿ,” ಎಂದಳು. “ಅಕ್ಷರ ಬ್ಯಾರೆ ಕಂಡ್ವು. ಕೇಳಿದ್ರ ನನಗ ಓದಾಕ ಬರೂದಿಲ್ಲಂತ ಎಲ್ಲಾರಿಗೂ ಗೊತ್ತಾಗತದಂತ ಸುಮ್ಮನಾದೆ. ಉಳಿದ ಮೂವತ್ತೆಂಟು ನಾ ತಿಳದು ತಿಳದs ಕೆಡಸೀನಿ. ಈ ಹುಡುಗಿದಲ್ರಿ, ನಂದದ ತಪ್ಪು.”

ಮಧುಕರರ ನಗು ಇಳಿಯಿತು. ಅವರು ಅವಳನ್ನು ಪಕ್ಕಕ್ಕೆ ಕರೆದು ಇದರ ಪರಿಣಾಮ ವಿವರಿಸಿದರು. ಚೀಟಿಯಲ್ಲಿ ಅವಳ ಹೆಸರಿದ್ದರೆ ಮನೋಹರ ಯಾರಿದು ಎಂದು ಕೇಳುತ್ತಾರೆ. ಸರ್ಟಿಫಿಕೇಟು ಇಲ್ಲದವಳು ಡಬ್ಬಿ ಕೊರೆಯುತ್ತಾಳೆ ಎಂದು ಗೊತ್ತಾದರೆ ಇನ್ನು ಅವಳು ಡಬ್ಬಿ ಮುಟ್ಟಕೂಡದು ಅನ್ನುತ್ತಾರೆ. ಆಗ ಕಿಟಕಿಯ ಹತ್ತಿರದ ಮೇಜಿನಲ್ಲಿ ಅವಳನ್ನು ಕೂರಿಸುವುದು ತಮ್ಮ ಕೈಯಲ್ಲಿಲ್ಲ, ಕಸಬರಿಗೆಗೇ ವಾಪಸು. ತಿಪ್ಪವ್ವ ಮೇಜಿನ ಕಡೆ ನೋಡಿದಳು. ಕೊಳವೆಗಳು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ನಿಂತಿದ್ದವು. ಆದರೂ ಬಾಯಿಂದ ಬಂದದ್ದು ಒಂದೇ ಮಾತು: “ಬರೀರಿ.”

ಮಧುಕರ ಪೆನ್ನನ್ನು ಕೆಳಗಿಟ್ಟರು, ತಾವಾಗಿ ಬರೆಯಲು ಮನಸ್ಸಾಗಲಿಲ್ಲ. ಹರ್ಷದಾ ಮೂಗು ಒರೆಸಿಕೊಂಡು ಪೆನ್ನು ತೆಗೆದುಕೊಂಡು ಪೂರ್ತಿ ಹೆಸರು ಕೇಳಿದಳು. ಹಾಜರಿಯಲ್ಲಿ ಗಂಡನ ಹೆಸರು ಸೇರಿಸಿ ತಿಪ್ಪವ್ವ ಕಾಶಪ್ಪ ಎಂದಿತ್ತು. ಅವತ್ತು ಅವಳು ತಿಪ್ಪವ್ವ ಚಂದ್ರಪ್ಪ ಬಡಿಗೇರ ಎಂದು ಹೇಳಿ ಬರೆಸಿದಳು. ಮೂವತ್ತೊಂಬತ್ತು ಮುಚ್ಚಳ ಗುಜರಿ ಚೀಲಕ್ಕೆ ಹೋದವು. ಒಂದಕ್ಕೆ ಆ ಚೀಟಿ ಕಟ್ಟಿ, ತನ್ನ ಮೇಜಿನ ಮೇಲೆ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದಳು. ಚೀಟಿಯ ಯಾವ ಕಡೆ ಮೇಲೆ ಬರಬೇಕು ಎಂದು ಹರ್ಷದಾಳನ್ನು ಕೇಳಿಯೇ ಹಾಕಿದಳು.

ಮನೆಯಲ್ಲಿ ಕಾಶಪ್ಪ ತಲೆ ಚಚ್ಚಿಕೊಂಡ. ಕೆಟ್ಟ ಕಡೆ ಹೆಸರು ಬಂದರೆ ಜನ ಕೈಕಾಲು ಹಿಡಿದು ತೆಗೆಸುತ್ತಾರೆ, ನೀನು ಕೇಳಿಕೊಂಡು ಬರೆಸಿ ಬಂದಿದ್ದೀಯಲ್ಲ ಎಂದ. ಶನಿವಾರ ಹೊಸ ಮುಚ್ಚಳಗಳು ಬಂದವು. ಹರ್ಷದಾ ತಿರುವಿದ ನಕ್ಷೆ ಕೊಟ್ಟು, ಪಕ್ಕದಲ್ಲೇ ನಿಂತು ಮೊದಲನೆಯದು ಕೊರೆದು ಮುಗಿಯುವ ತನಕ ಕದಲಲಿಲ್ಲ. ಇವೇ ಕಡೆಯ ನಲವತ್ತು ಇದ್ದಾವು ಎಂದುಕೊಂಡು ತಿಪ್ಪವ್ವ ಅವಸರ ಮಾಡದೆ ಕೊರೆದಳು. ಭಾನುವಾರ ಸಂಜೆಗೆ ಮುಗಿಸಿದಳು. ದತ್ತು ಮುಖ ಕೊಟ್ಟು ಮಾತಾಡದೆ ವೈರಿಂಗ್ ಮಾಡುತ್ತಾ ಹೋದ, ಕೊನೆಗೆ ಎಂದಿನಂತೆ ಹಸಿರು ಚೀಟಿಗಳ ಮೇಲೆ ತನ್ನ ಹೆಸರು ಬರೆದು ಕಟ್ಟಿದ.

ಸೋಮವಾರ ಹತ್ತು ಗಂಟೆಗೆ ಹಿಂದೆ ಟೆಂಪೋ ತರಿಸಿಕೊಂಡು ಮನೋಹರ ಬಂದರು. ದಪ್ಪ ದೇಹ, ಮೆಲ್ಲನೆ ಮಾತು. ಡಬ್ಬಿಯೊಂದನ್ನು ಬೆಳಕಿಗೆ ಹಿಡಿದು ಅಂಚಿಗೆ ಉಗುರು ತೂರಿಸಿ ನೋಡುವುದು ಅವರ ಪದ್ಧತಿ. ಉಗುರು ತೂರಲಿಲ್ಲ. ತಲೆಯಾಡಿಸಿ ಡಬ್ಬಿ ಕೆಳಗಿಡುವಾಗ ಗೋಡೆಯ ಮೇಲಿನ ಮುಚ್ಚಳ ಕಂಡಿತು. ಹತ್ತಿರ ಹೋಗಿ ಕೆಂಪು ಚೀಟಿ ಓದಿ, ಈ ತಿಪ್ಪವ್ವ ಯಾರು ಎಂದು ಕೇಳಿದರು.

ಹೊಸಬಳು, ಈಗಷ್ಟೇ ಕಲಿಯುತ್ತಿದ್ದಾಳೆ ಎಂದು ಮಧುಕರ ಶುರು ಮಾಡಿದರು. ಅವಳ ಮೇಜು ಉಳಿಯಲಿ ಎಂದೇ ಆ ಸುಳ್ಳು ಹೇಳಿದ್ದು, ಅದು ತಿಪ್ಪವ್ವಳಿಗೂ ತಿಳಿಯಿತು. ಆದರೆ ಹನ್ನೊಂದು ವರ್ಷ ಕೊರೆದು ಹೊಸಬಳು ಅನಿಸಿಕೊಂಡದ್ದಕ್ಕೆ ಅವಳ ಮುಖ ಸಣ್ಣದಾಯಿತು. ಆ ಮುಖವನ್ನು ದತ್ತು ನೋಡಿದ. ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು ಎದ್ದು ನಿಂತು ಮರಾಠಿಯಲ್ಲಿ ಹೇಳಿದ: ಈಕೆ ಹೊಸಬಳಲ್ಲ, ನನ್ನ ದೊಡ್ಡವ್ವ. ನೀವು ಇಲ್ಲಿಯ ತನಕ ಒಯ್ದ ಎಲ್ಲಾ ಡಬ್ಬಿಯೂ ಈಕೆ ಕೊರೆದದ್ದು. ಇವತ್ತಿನ ನಲವತ್ತೂ ಈಕೆಯದೇ. ನಾನು ಒಂದನ್ನೂ ಕೊರೆದಿಲ್ಲ, ಬರೇ ಸಹಿ ಹಾಕಿದ್ದೇನೆ.

ಮನೋಹರ ಇನ್ನೊಂದು ಡಬ್ಬಿ ತೆಗೆದುಕೊಂಡು ಮತ್ತೆ ಉಗುರು ತೂರಿಸಿ ನೋಡಿದರು. ಆಮೇಲೆ ತಿಪ್ಪವ್ವಳನ್ನೇ, ಗೋಡೆಯ ಮೇಲಿನದೂ ನಿನ್ನದೇ, ಇದೂ ನಿನ್ನದೇ ಎಂದು ಕೇಳಿದರು. ಅವಳು ಎರಡೂ ತನ್ನವೇ ಎಂದಳು. ತಮ್ಮ ಅಂಗಡಿಗೆ ಹಲ್ಲಿಯ ದೂರು ಬಂದು ವರ್ಷಗಳಾದವು, ಹಲ್ಲಿ ಸರ್ಟಿಫಿಕೇಟು ನೋಡಿ ಹೊರಗೆ ನಿಲ್ಲುವುದಿಲ್ಲ, ತೂತು ನೋಡಿ ನಿಲ್ಲುತ್ತದೆ ಎಂದು ಮನೋಹರ ಮಧುಕರರಿಗೆ ಹೇಳಿದರು. ತಮಗೆ ಬೇಕಾದದ್ದು ಯಾರು ಕೊರೆದರೆಂಬ ನಿಜ, ಅದಕ್ಕೇ ಚೀಟಿಯ ಕಟ್ಟಳೆ ತಂದದ್ದು, ಸುಳ್ಳು ಹೆಸರಿನ ಮಾಲು ಒಯ್ಯುವುದಿಲ್ಲ, ನಲವತ್ತೂ ಚೀಟಿ ಬದಲಾಗಲಿ ಎಂದರು. ಮಧುಕರ ಕಟ್ಟಳೆಯಲ್ಲಿ ಐಟಿಐ ಎಂದಿದೆಯಲ್ಲ ಎಂದು ನೆನಪಿಸಿದರು. ಅದನ್ನು ಬರೆದವನು ನಾನೇ, ಹೊಡೆದುಹಾಕುವವನೂ ನಾನೇ ಎಂದು ಮನೋಹರ ಕುರ್ಚಿ ಎಳೆದು ಕೂತು ಚಹಾ ಕೇಳಿದರು. ಚಹಾ ಎಂಬ ಮಾತು ಕಿವಿಗೆ ಬಿದ್ದೊಡನೆ ತಿಪ್ಪವ್ವ ರೂಢಿಯಂತೆ ಕಿಟ್ಲಿಗೆ ಕೈ ಹಾಕಲು ಹೋದಳು. ಕಿಟ್ಲಿ ಇರಲಿಲ್ಲ. ದತ್ತು ಅದನ್ನು ಹಿಡಿದುಕೊಂಡು ಆಗಲೇ ಬಾಗಿಲು ದಾಟಿದ್ದ.

ಹರ್ಷದಾ ಹೊಸ ಚೀಟಿ ಬರೆಯಲು ಕೂತಳು. ಬೇಗ ಆಗಲಿ ಎಂದು ಮಧುಕರರೂ ಅರ್ಧ ಕಟ್ಟು ತೆಗೆದುಕೊಂಡು ಬರೆದರು. ಬರೆದದ್ದನ್ನು ತಿಪ್ಪವ್ವಳ ಮುಂದಿಟ್ಟು ಕಟ್ಟಲು ಹೇಳಿದರು. ಅವಳು ಹಾಗೇ ಕಟ್ಟಲಿಲ್ಲ. ಗೋಡೆಯ ಮೊಳೆಯಿಂದ ಕೆಂಪು ಚೀಟಿಯ ಮುಚ್ಚಳ ಇಳಿಸಿ ಮೇಜಿನ ಮೇಲಿಟ್ಟುಕೊಂಡಳು. ಒಂದೊಂದು ಹಸಿರು ಚೀಟಿಯನ್ನೂ ಅದರ ಪಕ್ಕ ಹಿಡಿದು, ಅಕ್ಷರದಿಂದ ಅಕ್ಷರಕ್ಕೆ ಬೆರಳು ಸರಿಸಿ, ಎರಡೂ ಒಂದೇ ಥರ ಇವೆಯೆಂದು ಖಾತ್ರಿ ಮಾಡಿಕೊಂಡು ಆಮೇಲೆ ಡಬ್ಬಿಗೆ ಕಟ್ಟಿದಳು. ಹೊತ್ತಾಯಿತು. ಟೆಂಪೋದವನು ಎರಡು ಸಲ ಹಾರ್ನ್ ಹೊಡೆದ. ಮನೋಹರ ಚಹಾ ಕುಡಿಯುತ್ತಾ ನೋಡುತ್ತಿದ್ದರು.

ಇಪ್ಪತ್ತಾರನೆಯ ಚೀಟಿಗೆ ಅವಳ ಬೆರಳು ನಿಂತಿತು. ಕೆಂಪು ಚೀಟಿಯ ಹೆಸರು ಉದ್ದ, ಇದು ಗಿಡ್ಡ. ಪೂರ್ತಿ ಹೆಸರು ಬರೆಯಲು ಜಾಗ ಸಾಲದೆ ಹೀಗೆ ಬರೆದಿರಬಹುದೇ ಎಂದು ಒಂದು ಸಲ ಅನಿಸಿತು. ಕಟ್ಟಿಬಿಡಲೇ ಎಂದೂ ಅನಿಸಿತು. ಅವಳು ದಾರ ಕೆಳಗಿಟ್ಟು, ಚೀಟಿ ಹಿಡಿದುಕೊಂಡು ಎದ್ದು ಮಧುಕರರ ಮುಂದೆ ಹೋಗಿ ನಿಂತಳು.

“ಸಾಹೇಬ್ರ, ನನಗ ಓದಾಕ ಬರೂದಿಲ್ರಿ. ಇದು ನನ್ನ ಹೆಸರಲ್ಲೇನ್ರಿ?”

ಮಧುಕರ ಚೀಟಿ ತೆಗೆದುಕೊಂಡು ನೋಡಿದರು. ಮೂರು ವರ್ಷ ಹಸಿರು ಚೀಟಿಯಲ್ಲಿ ಒಂದೇ ಹೆಸರು ನೋಡಿದ ರೂಢಿಯಲ್ಲಿ ಅವರ ಕೈ ದತ್ತು ಎಂದು ಬರೆದಿತ್ತು. ಅವರು ಅದನ್ನು ಹರಿದುಹಾಕಿ, ಇನ್ನೊಂದು ಹಸಿರು ಚೀಟಿ ತೆಗೆದು, ಅವಳ ಅಪ್ಪನ ಹೆಸರನ್ನೂ ಸೇರಿಸಿ, ಈ ಸಲ ನಿಧಾನವಾಗಿ ಬರೆದರು. ತಿಪ್ಪವ್ವ ಅದನ್ನೂ ಕೆಂಪು ಚೀಟಿಯ ಪಕ್ಕ ಹಿಡಿದು ನೋಡಿ, ಡಬ್ಬಿಗೆ ಕಟ್ಟಿದಳು.